ವಿಕ್ರೋಳಿಯಲ್ಲಿ ಒಂದು ಕೆಲಸ ಹುಟ್ಟಲು ಯಾರ್ಯಾರ ದುಡ್ಡು ಬೇಕು?

ಮುಂಬಯಿಯಲ್ಲಿ ಸಂಬಳಕ್ಕೆ ದುಡಿಯುವವರ ಪಗಾರದ ಚೀಟಿಯಲ್ಲಿ ತಿಂಗಳಿಗೆ 200 ರೂಪಾಯಿ ಕಡಿತವಾಗುತ್ತದೆ. ಫೆಬ್ರವರಿಯಲ್ಲಿ 300, ವರ್ಷಕ್ಕೆ ಒಟ್ಟು 2,500. ಇದು ವೃತ್ತಿ ತೆರಿಗೆ. ತಿಂಗಳಿಗೆ 25,000ದವರೆಗೆ ಗಳಿಸುವ ಹೆಂಗಸರಿಗೆ 2023ರಿಂದ ಇದು ಮಾಫಿ. ಈ ದುಡ್ಡು ಯಾವುದಕ್ಕೆಂದು ಆಫೀಸಿನಲ್ಲಿ ವಿಚಾರಿಸಿದರೆ ಲೆಕ್ಕಪತ್ರದವರೂ ಭುಜ ಕುಣಿಸುತ್ತಾರೆ. 1975ರಲ್ಲಿ ಮಹಾರಾಷ್ಟ್ರ ಈ ತೆರಿಗೆಯನ್ನು ತಂದದ್ದು ಹಳ್ಳಿಯ ಬಡವರಿಗೆ ಕೂಲಿ ಕೆಲಸ ಕೊಡುವ ಖರ್ಚಿಗಾಗಿ. ವಿ.ಸ. ಪಾಗೆ ಎಂಬ ಗಾಂಧಿವಾದಿ ನಾಯಕರು 1965ರಲ್ಲಿ ಸಾಂಗ್ಲಿ ಜಿಲ್ಲೆಯ ವಿಸಾಪುರದಲ್ಲಿ ಸಣ್ಣದಾಗಿ ಪ್ರಯೋಗಿಸಿದ್ದು 1972ರ ಬರಗಾಲದಲ್ಲಿ ರಾಜ್ಯವ್ಯಾಪಿಯಾಯಿತು, 1977ರಲ್ಲಿ ಕಾಯ್ದೆಯಾಯಿತು, 1979ರ ಜನವರಿ 26ರಂದು ಜಾರಿಗೆ ಬಂತು. ಪಟ್ಟಣದ ಪಗಾರದಾರರು ಕಟ್ಟಿದಷ್ಟೇ ಹಣವನ್ನು ಸರ್ಕಾರವೂ ಸೇರಿಸುತ್ತಿತ್ತು. ದೇಶದ ಉದ್ಯೋಗ ಖಾತರಿಗೆ ಮೊದಲ ಬುನಾದಿ ಬಿದ್ದದ್ದು ಹೀಗೆ.

ಅಂದರೆ ಹಳ್ಳಿಯ ಕೆಲಸಕ್ಕೆ ಗೊತ್ತಾದ ಹಣದ ಮೂಲವಿತ್ತು, ಕೇಳುವ ಹಕ್ಕೂ ಇತ್ತು. ವಿಕ್ರೋಳಿಯಂಥ ಉಪನಗರದಲ್ಲಿ ಕೆಲಸವಿಲ್ಲದವರಿಗೆ ಅಂಥ ಹಕ್ಕಿಲ್ಲ. ಕೇರಳ 2010ರಲ್ಲೂ ರಾಜಸ್ಥಾನ 2022ರಲ್ಲೂ ನಗರಗಳಿಗೆ ಉದ್ಯೋಗ ಖಾತರಿ ತಂದವು, ಮುಂಬಯಿಗೆ ಅದು ಬರಲಿಲ್ಲ. ಇಲ್ಲಿರುವುದು ಯೋಜನೆಗಳ ಗೊಂಚಲು. ಒಂದೊಂದಕ್ಕೂ ಬೇರೆ ಬೇರೆ ತಿಜೋರಿ, ಬೇರೆ ಬೇರೆ ಅರ್ಜಿ. ಬಸ್ತಿಯಲ್ಲಿ ಮೂವತ್ತು ಹೆಂಗಸರಿಗೆ ಕೆಲಸ ಮಾಡಿಕೊಡಬೇಕೆಂದು ಒಂದು ಮಹಿಳಾ ಮಂಡಳವೋ ಕನ್ನಡ ಸಂಘವೋ ಹೊರಟರೆ ಯಾವ ತಿಜೋರಿ ಯಾವುದಕ್ಕೆ ತೆರೆಯುತ್ತದೆ ಎಂಬುದು ಮೊದಲು ತಿಳಿದಿರಬೇಕು.

ಕೇಂದ್ರದಿಂದ ಶುರು ಮಾಡೋಣ. 1997ರ ಸ್ವರ್ಣ ಜಯಂತಿ ಶಹರಿ ರೋಜ್‌ಗಾರ್ ಯೋಜನೆಯ ಜಾಗಕ್ಕೆ 2013ರಲ್ಲಿ ಬಂದದ್ದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ. ಆಮೇಲಿನ ವರ್ಷಗಳಲ್ಲಿ ಅದರ ಖರ್ಚಿನಲ್ಲಿ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದಾಗಿತ್ತು. ಹತ್ತರಿಂದ ಇಪ್ಪತ್ತು ಹೆಂಗಸರು ಸೇರಿ ಬಚತ್ ಗಟ್ ಕಟ್ಟಿ, ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕದ ಪುಸ್ತಕ ಈ ಐದನ್ನೂ ಬಿಡದೆ ನಡೆಸಿದರೆ 10,000 ರೂಪಾಯಿ ಸುತ್ತುನಿಧಿ ಸಿಗುತ್ತಿತ್ತು. ವ್ಯಾಪಾರಕ್ಕೆ ಒಬ್ಬರಿಗೆ 2 ಲಕ್ಷ, ಗುಂಪಿಗೆ 10 ಲಕ್ಷದವರೆಗೆ ಬ್ಯಾಂಕ್ ಸಾಲ. ಶೇ. 7ಕ್ಕಿಂತ ಮೇಲಿನ ಬಡ್ಡಿಯನ್ನು ಸರ್ಕಾರ ಭರಿಸುತ್ತಿತ್ತು, ಕಂತು ತಪ್ಪಿಸದ ಮಹಿಳಾ ಗುಂಪಿಗೆ ಇನ್ನೂ ಶೇ. 3 ರಿಯಾಯಿತಿ. ಈ ಅಭಿಯಾನದ ಅವಧಿ 2024ರಲ್ಲಿ ಮುಗಿದು, ಮುಂದಿನ ಯೋಜನೆ ಆಯ್ದ ನಗರಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಹೆಸರು ಬದಲಾಗುತ್ತಲೇ ಇರುತ್ತದೆ. ಲೆಕ್ಕದ ಪುಸ್ತಕ ಚೊಕ್ಕವಾಗಿರುವ ಗುಂಪು ಯಾವ ಹೆಸರಿನ ಯೋಜನೆ ಬಂದರೂ ಸರದಿಯಲ್ಲಿ ಮುಂದಿರುತ್ತದೆ.

ರಾಜ್ಯದ ತಿಜೋರಿ ತೆರೆಯುವ ಬಗೆ ಬೇರೆ. ಮಹಾರಾಷ್ಟ್ರದ ಯುವ ಕಾರ್ಯ ಪ್ರಶಿಕ್ಷಣ ಯೋಜನೆ (2024) 18ರಿಂದ 35 ವರ್ಷದವರನ್ನು ಕಂಪನಿಗೋ ಕಚೇರಿಗೋ ಕಲಿಕೆಗೆ ಕಳಿಸಿ, ಹನ್ನೆರಡನೆಯವರೆಗೆ ಓದಿದವರಿಗೆ ತಿಂಗಳಿಗೆ 6,000, ಐಟಿಐ ಅಥವಾ ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 10,000 ರೂಪಾಯಿಯನ್ನು ನೇರ ಬ್ಯಾಂಕ್ ಖಾತೆಗೆ ಹಾಕುತ್ತದೆ. ನಮ್ಮೂರಿನ ಯುವನಿಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕರ್ನಾಟಕ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ಕೊಡುವುದು ಕೆಲಸ ಸಿಗದಿರುವವರೆಗೆ, ಹೆಚ್ಚೆಂದರೆ ಎರಡು ವರ್ಷ. ಮಹಾರಾಷ್ಟ್ರ ಕೊಡುವುದು ಕೆಲಸದ ಜಾಗಕ್ಕೆ ದಿನಾ ಹೋದರೆ. ಎರಡನೆಯದೇ ನನಗೆ ಮೇಲೆನಿಸುತ್ತದೆ, ಆದರೆ ಒಂದು ಆಕ್ಷೇಪವಿದೆ: ಕಲಿಕೆಯ ಅವಧಿ ಮುಗಿದ ಮೇಲೆ ಇಟ್ಟುಕೊಳ್ಳಲೇಬೇಕೆಂಬ ಕಟ್ಟುಪಾಡು ಮಾಲೀಕನಿಗಿಲ್ಲ. ಪುಕ್ಕಟೆ ಕೈಗಳು ಸಿಗುವಾಗ ಪಗಾರದ ಆಳು ಯಾರಿಗೆ ಬೇಕು?

ಮಹಾನಗರಪಾಲಿಕೆಯದು ಮೂರನೆಯ ತಿಜೋರಿ. ಹೆಂಗಸರಿಗೆ ಹೊಲಿಗೆ ಯಂತ್ರ, ಘರ್‌ಘಂಟಿ (ಮನೆಯಲ್ಲಿಡುವ ಹಿಟ್ಟಿನ ಗಿರಣಿ), ಮಸಾಲೆ ಕುಟ್ಟುವ ಯಂತ್ರವನ್ನು ಬೆಲೆಯ ಸಣ್ಣ ಪಾಲನ್ನಷ್ಟೇ ವಸೂಲು ಮಾಡಿ ಕೊಡುತ್ತದೆ. ಚಪ್ಪಾಳೆ ಗಿಟ್ಟುವ ಕಾರ್ಯಕ್ರಮ, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಒಂದೇ ಗಲ್ಲಿಗೆ ಇಪ್ಪತ್ತು ಹೊಲಿಗೆ ಯಂತ್ರ ಬಂದರೆ ಇಪ್ಪತ್ತು ಮನೆಯಲ್ಲೂ ಬ್ಲೌಸು ಹೊಲಿಯುತ್ತಾರೆ, ಬ್ಲೌಸಿನ ಮಜೂರಿ ಇಳಿಯುತ್ತದೆ. ಯಂತ್ರಕ್ಕಿಂತ ಪಾಲಿಕೆಯ ಆರ್ಡರು ಮುಖ್ಯ. ಪಾಲಿಕೆಯ ಶಾಲೆಗಳ ಖಿಚಡಿ ಬೇಯಿಸುವ ಗುತ್ತಿಗೆ ಬಚತ್ ಗಟ್‌ಗಳಿಗೂ ಸಿಗುತ್ತದೆ. ಅಲ್ಲಿ ಗಿರಾಕಿಯನ್ನು ಹುಡುಕಬೇಕಿಲ್ಲ, ಬಿಲ್ಲು ಪಾಸಾಗುವವರೆಗೆ ತಡೆದುಕೊಳ್ಳುವ ಬಂಡವಾಳ ಬೇಕು. ಬಸ್ತಿಗಳ ಗಟಾರ, ಗಲ್ಲಿ ಗುಡಿಸುವ ಕೆಲಸವನ್ನೂ ಪಾಲಿಕೆ ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತದೆ. ಗುಡಿಸುವವರಿಗೆ ಸಿಗುವ ಹೆಸರು ‘ಸ್ವಯಂಸೇವಕ’, ಸಿಗುವ ಹಣ ‘ಗೌರವಧನ’. ಕಾರ್ಮಿಕ ಎಂದರೆ ಕನಿಷ್ಠ ಕೂಲಿ ಕೊಡಬೇಕಾಗುತ್ತದಲ್ಲ.

ಇಲ್ಲಿ ಒಂದು ಸ್ಥಳೀಯ ತೊಡಕು. ವಿಕ್ರೋಳಿಯ ಹೆಚ್ಚಿನ ಭಾಗ ಭಾಂಡುಪ್‌ನಲ್ಲಿ ಕಚೇರಿಯಿರುವ ‘ಎಸ್’ ವಾರ್ಡಿಗೆ ಸೇರಿದ್ದು. ಪಾರ್ಕ್‌ಸೈಟ್ ಕಡೆಯ ಭಾಗ ಘಾಟ್ಕೋಪರ್‌ನ ‘ಎನ್’ ವಾರ್ಡಿಗೆ ಹೋಗುತ್ತದೆ. ಒಂದೇ ಗುಡ್ಡದ ಎರಡು ಬದಿಯವರು ಬೇರೆ ಬೇರೆ ಕಚೇರಿಯ ಮೆಟ್ಟಿಲು ಹತ್ತಬೇಕು. ಅರ್ಜಿ ಬರೆಯುವ ಮೊದಲು ವಾರ್ಡಿನ ಸಮುದಾಯ ಸಂಘಟಕರನ್ನು ಕಂಡು ಗಲ್ಲಿ ಯಾರ ಪಾಲಿನದೆಂದು ಖಾತ್ರಿ ಮಾಡಿಕೊಳ್ಳುವುದು ಮೇಲು.

ನಾಲ್ಕನೆಯದು ಕಂಪನಿಗಳ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ವ್ಯಯಿಸಬೇಕು, ತಾವಿರುವ ಆಸುಪಾಸಿಗೆ ಆದ್ಯತೆ ಕೊಡಬೇಕು. ಉದ್ಯೋಗಕ್ಕೆ ಬೇಕಾದ ಕೌಶಲ ಕಲಿಸುವುದೂ ಆ ಪಟ್ಟಿಯಲ್ಲಿದೆ. ಇದರಲ್ಲಿ ವಿಕ್ರೋಳಿ ಅದೃಷ್ಟವಂತ ಊರು. 1940ರ ದಶಕದಲ್ಲಿ ಪಿರೋಜ್‌ಶಾ ಗೋದ್ರೆಜ್ ಕೊಂಡ ಜಮೀನಿನಲ್ಲಿ ಬೆಳೆದ ಪಿರೋಜ್‌ಶಾನಗರ ಇರುವುದು ಇಲ್ಲೇ. ಅಲ್ಲಿ ಮುಖ್ಯ ಕಚೇರಿಯಿರುವ ಗೋದ್ರೆಜ್ ಕನ್ಸ್ಯೂಮರ್ ಪ್ರಾಡಕ್ಟ್ಸ್ 2012ರ ಹೊತ್ತಿಗೆ ಶುರುಮಾಡಿದ ‘ಸಲೋನ್-ಐ’ ಬಡ ಮನೆಯ ಹುಡುಗಿಯರಿಗೆ ಕೇಶ, ತ್ವಚೆ, ಮೆಹೆಂದಿಯ ಕೆಲಸ ಕಲಿಸುವಂಥದ್ದು. ಆದರೆ ಹೊರಗಿನ ಸಂಸ್ಥೆಯೊಂದು ಸಿಎಸ್‌ಆರ್ ದುಡ್ಡಿನಲ್ಲಿ ಕೆಲಸ ನಡೆಸಬೇಕಾದರೆ 2021ರ ಏಪ್ರಿಲಿನಿಂದ ಕಂಪನಿ ವ್ಯವಹಾರಗಳ ಮಂತ್ರಾಲಯದಲ್ಲಿ ನೋಂದಣಿ ಕಡ್ಡಾಯ. ಬಹಳ ಸಣ್ಣ ಮಂಡಳಗಳು ಎಡವುವುದು ಈ ಹೊಸ್ತಿಲಲ್ಲಿ.

ಈಗ ದುಡ್ಡು ಹರಿಯುವ ರೀತಿ. ತರಬೇತಿ ಸಂಸ್ಥೆಗಳಿಗೆ ಹಣ ಕೊಡಲು ಕೇಂದ್ರ 2015ರಲ್ಲಿ ಹಾಕಿದ ಸಾಮಾನ್ಯ ನಿಯಮ ಇದು: ಬ್ಯಾಚು ಶುರುವಾದಾಗ ಶೇ. 30, ಪರೀಕ್ಷೆ ಪಾಸಾದಾಗ ಶೇ. 50, ಕೆಲಸಕ್ಕೆ ಸೇರಿಸಿದ್ದಕ್ಕೆ ಶೇ. 20. ಲೆಕ್ಕಕ್ಕೆಂದು ಒಂದು ಬ್ಯಾಚು ತೆಗೆದುಕೊಳ್ಳಿ. 30 ಹೆಂಗಸರು, ದಿನಕ್ಕೆ 4 ಗಂಟೆ, ತಿಂಗಳಿಗೆ 25 ದಿನ, ಮೂರು ತಿಂಗಳು. ತಲಾ 300 ಗಂಟೆ. ಗಂಟೆಗೆ 40 ರೂಪಾಯಿ ಹಿಡಿದರೆ ಒಟ್ಟು 3,60,000. ಮೊದಲ ಕಂತು 1,08,000, ಎರಡನೆಯದು 1,80,000. ಉಳಿಯುವುದು 72,000. ಅದು ಪೂರ್ತಿ ಕೈಗೆ ಬರಲು ಶೇ. 70 ಮಂದಿ, ಅಂದರೆ 21 ಹೆಂಗಸರು, ಮೂರು ತಿಂಗಳೊಳಗೆ ಕೆಲಸದಲ್ಲಿರಬೇಕು. ಸಂಸ್ಥೆ ಏನು ಮಾಡುತ್ತದೆ? ಪರೀಕ್ಷೆಯವರೆಗೆ ಕಷ್ಟಪಟ್ಟು 2,88,000 ಎಣಿಸಿಕೊಂಡು, 72,000ಕ್ಕಾಗಿ ಮನೆಮನೆ ಅಲೆಯುವ ಬದಲು ಮುಂದಿನ ಬ್ಯಾಚಿನ ಬೋರ್ಡು ಹಾಕುತ್ತದೆ. ಇದರಲ್ಲಿ ಕಳ್ಳತನವಿಲ್ಲ. ಹಣ ಎಲ್ಲಿ ದಪ್ಪವಾಗಿ ಹರಿಯುತ್ತದೋ ಕೆಲಸವೂ ಅಲ್ಲೇ ನಡೆಯುತ್ತದೆ.

ಯಾವ ತಿಜೋರಿಯೂ ಸುಲಭಕ್ಕೆ ಹಣ ಬಿಚ್ಚದ ಖರ್ಚೊಂದಿದೆ, ಪಾಳಣಾಘರದ್ದು. ಅದೇ 30 ಹೆಂಗಸರ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಆಯಾ, ಒಂದು ಖೋಲಿಯ ಬಾಡಿಗೆ, ಹಾಲು ಬಿಸ್ಕೀಟು ಸೇರಿ ತಿಂಗಳಿಗೆ 35,000 ಎಂದುಕೊಳ್ಳೋಣ. ತರಬೇತಿಯ ಮೂರು ತಿಂಗಳು, ಹೊಸ ಕೆಲಸದ ಮೊದಲ ಮೂರು ತಿಂಗಳು ಎಂದರೆ 2,10,000. ತರಬೇತಿಯ ಖರ್ಚಿನ ಅರ್ಧಕ್ಕಿಂತ ಹೆಚ್ಚು! ಸರ್ಕಾರಿ ಅಂದಾಜಿನಲ್ಲಿ ಈ ಸಾಲು ಇಲ್ಲದ ಕಾರಣಕ್ಕೇ ಕೈಯಲ್ಲಿ ಸರ್ಟಿಫಿಕೇಟ್ ಇರುವ ಹೆಂಗಸು ಮನೆಯಲ್ಲೇ ಉಳಿಯುತ್ತಾಳೆ. ಸಿಎಸ್‌ಆರ್‌ನವರನ್ನು ಕೇಳುವುದಿದ್ದರೆ ಇದನ್ನು ಕೇಳಿ. ಇನ್ನೊಂದು ತರಬೇತಿ ಕೇಂದ್ರ ಬೇಡ.

ಹಾಗಾಗಿ ಯೋಜನೆಯನ್ನು ಹಿಂದುಮುಂದಾಗಿ ಬರೆಯಬೇಕು. ಮೊದಲು ಕೆಲಸದ ಗೇಟು, ಕೊನೆಗೆ ತರಬೇತಿ. ಎಲ್‌ಬಿಎಸ್ ರಸ್ತೆಯ ಕಾರ್ಖಾನೆಗಳ ಜಾಗದಲ್ಲಿ ಈಗ ಆಫೀಸುಗಳೂ ಮಾಲುಗಳೂ ಎದ್ದಿವೆ. ಅಲ್ಲಿ ಬೇಕಾದದ್ದು ಕ್ಯಾಂಟೀನು, ಹೌಸ್‌ಕೀಪಿಂಗ್, ಬಿಲ್ಲಿಂಗ್ ಕೌಂಟರು, ಪಾಳಿ ನರ್ಸಿಂಗಿನ ಕೈಗಳು. ಕನ್ನಮ್‌ವಾರ್ ನಗರ, ಟಾಗೋರ್ ನಗರದ ಮ್ಹಾಡಾ (ರಾಜ್ಯದ ವಸತಿ ಮಂಡಳಿ) ಕಟ್ಟಡಗಳನ್ನು ಕೆಡವಿ ಗೋಪುರ ಕಟ್ಟಲಾಗುತ್ತಿದೆ, ಅಲ್ಲಿ ಅಡುಗೆ, ವೃದ್ಧರ ಆರೈಕೆಗೆ ಬೇಡಿಕೆಯಿದೆ. ಯಾವ ಗೇಟಿನಲ್ಲಿ ಎಷ್ಟು ಜನ, ಎಷ್ಟು ಗಂಟೆಗೆ, ಎಷ್ಟು ಪಗಾರಕ್ಕೆ ಎಂದು ಬರೆದುಕೊಂಡ ಮೇಲೆ ಏನು ಕಲಿಸಬೇಕೆಂದು ಗೊತ್ತಾಗುತ್ತದೆ. ಆಮೇಲೆ ದಾರಿ. ಪೂರ್ವ ಪಶ್ಚಿಮ ಜೋಡಿಸುವ ವಿಕ್ರೋಳಿ ಮೇಲ್ಸೇತುವೆ 2025ರ ಜೂನಿನಲ್ಲಿ ತೆರೆದದ್ದು ಗಾಡಿಗಳವರಿಗೆ ದೊಡ್ಡ ಅನುಕೂಲ, ಸೂರ್ಯನಗರದ ಗುಡ್ಡದಿಂದ ನಡೆದು ಇಳಿಯುವವಳಿಗೆ ಅಷ್ಟೇನಲ್ಲ.

ತರಗತಿಯ ಸಮಯದ ವಿಷಯದಲ್ಲಿ ಮುಂಬಯಿ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಿಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳು ಹೋಟೆಲ್ ಮಾಣಿಗಳ ಬಿಡುವಿಗೆ ತಕ್ಕಂತೆ ಗಂಟೆ ಬಾರಿಸಿದವು. ತಾಟು ತೊಳೆದ ಹುಡುಗರು ಎಸ್ಸೆಸ್ಸಿ ಮುಗಿಸಿ ಬ್ಯಾಂಕು, ಆಫೀಸು ಸೇರಿದರು. ಇಂದಿನ ತರಬೇತಿ ಕೇಂದ್ರಗಳ ಹನ್ನೊಂದರಿಂದ ಮೂರರ ತರಗತಿ ನಳದಲ್ಲಿ ನೀರು ಬರುವ ಹೊತ್ತನ್ನಾಗಲಿ ಮಕ್ಕಳ ಶಾಲೆ ಬಿಡುವ ಹೊತ್ತನ್ನಾಗಲಿ ವಿಚಾರಿಸಿ ಇಟ್ಟದ್ದಲ್ಲ.

ಇನ್ನು ಕ್ಯಾಲೆಂಡರು. ಪಾಲಿಕೆಯ ಬಜೆಟ್ ಮಂಡನೆಯಾಗುವುದು ಫೆಬ್ರವರಿ ಆರಂಭದಲ್ಲಿ. ಅದರಲ್ಲಿ ಸೇರಬೇಕಾದ ಬೇಡಿಕೆ ದೀಪಾವಳಿಯ ಹೊತ್ತಿಗೇ ವಾರ್ಡ್ ಕಚೇರಿಯಲ್ಲಿ ಬಿದ್ದಿರಬೇಕು, ಒಳಬಂದ ಮೊಹರಿನ ಪ್ರತಿ ನಿಮ್ಮ ಕೈಯಲ್ಲಿರಬೇಕು. ಕೇಂದ್ರ ರಾಜ್ಯಗಳ ಅನುದಾನದ ಎರಡನೆಯ ಕಂತು ಮೊದಲ ಕಂತಿನ ಬಳಕೆ ಪ್ರಮಾಣಪತ್ರ ತಲುಪಿದ ಮೇಲಷ್ಟೇ ಹೊರಡುತ್ತದೆ. ನಡುವೆ ತಿಂಗಳುಗಟ್ಟಲೆ ಖಾಲಿ ಬಿದ್ದರೂ ಆಯಾಗಳಿಗೆ ಪಗಾರ ಕೊಡಲೇಬೇಕು. ಆದ್ದರಿಂದ ಬ್ಯಾಚಿನ ಅಂದಾಜಿನಲ್ಲಿ ಎರಡು ತಿಂಗಳ ಖರ್ಚನ್ನು ಮಂಡಳದ ಸ್ವಂತ ಖಾತೆಯಲ್ಲಿ ಹಿಡಿದಿಟ್ಟುಕೊಂಡೇ ಮೊದಲ ಹೆಸರು ಬರೆದುಕೊಳ್ಳಿ. ಬ್ಯಾಚನ್ನು ಜೂನ್, ಜುಲೈಯಲ್ಲಿ ಶುರುಮಾಡಬೇಡಿ: ಮಳೆಗೆ ಗುಡ್ಡದ ಮೆಟ್ಟಿಲು ಜಾರುತ್ತದೆ, ಹಾಜರಿ ಇಳಿಯುತ್ತದೆ, ಹಾಜರಿ ಇಳಿದರೆ ಪರೀಕ್ಷೆ ಪಾಸಾದಾಗ ಸಿಗುವ ಎರಡನೆಯ ಕಂತೂ ಕೈತಪ್ಪುತ್ತದೆ.