ಓದದೆ ಹಾಕುವ ಸಹಿ: ಗಡಿನಾಡ ಕನ್ನಡ ಶಾಲೆಯ ಆಡಳಿತ, ಹಣ ಮತ್ತು ಕಲಿಕೆ

ಶಾಲೆ ಬಿಟ್ಟ ಮೇಲೆ ಮಗುವಿನ ಕೈಯಲ್ಲಿ ಒಂದು ದಪ್ಪ ಪುಸ್ತಕ ಮನೆಗೆ ಬರುತ್ತದೆ. ಹೊಲದಿಂದ ಆಗಷ್ಟೇ ಮರಳಿದ ತಾಯಿ ಕೈ ತೊಳೆದು, ಗುರುತು ಹಾಕಿದ ಜಾಗದಲ್ಲಿ ಸಹಿ ಮಾಡಿ ಪುಸ್ತಕವನ್ನು ಹಿಂದಿರುಗಿಸುತ್ತಾಳೆ. ಆ ಪುಟದಲ್ಲಿ ಇರುವುದು ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯ ನಡಾವಳಿ. ಬರೆದದ್ದು ಮರಾಠಿಯಲ್ಲಿ. ಆಕೆ ಸಭೆಗೆ ಹೋಗಿರಲಿಲ್ಲ. ಸಭೆ ನಡೆಯಿತೇ ಎಂಬುದೂ ಆಕೆಗೆ ತಿಳಿಯದು. ಆದರೆ ಕಾಗದದ ಮಟ್ಟಿಗೆ, ಶಾಲೆಗೆ ಬಂದ ಅನುದಾನದ ಖರ್ಚನ್ನು ನೋಡಿ ಒಪ್ಪಿದವರಲ್ಲಿ ಆಕೆಯೂ ಒಬ್ಬಳು.

ಗಡಿಭಾಗದ ಹಳ್ಳಿಗಳಲ್ಲಿ ಇದು ಅಪರೂಪದ ದೃಶ್ಯವಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕೆಂದಿಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಕೂಲಿ ಬಿಟ್ಟು ಬರಲಾಗದ ಪಾಲಕರನ್ನು ಕೂಡಿಸುವುದು ಸುಲಭದ ಕೆಲಸವಲ್ಲ. ಆದರೂ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಸಣ್ಣ ಕನ್ನಡ ಶಾಲೆಗಳ ಅಳಿವು ಉಳಿವನ್ನು ನಿರ್ಧರಿಸುವ ಕಾಗದಗಳಲ್ಲಿ ಈ ಪುಸ್ತಕವೂ ಒಂದಾಗಿರುವುದರಿಂದ, ಆ ಸಹಿಯ ಬೆಲೆ ಏನೆಂಬುದನ್ನು ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ಪ್ರತಿಯೊಂದು ಕುಟುಂಬವೂ ಅರಿಯಬೇಕಾಗಿದೆ.

ದೂರದ ಜೊತೆಗೆ ಭಾಷೆಯೂ

2023ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಶಿಕ್ಷಣ ಇಲಾಖೆಯು, ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಒಗ್ಗೂಡಿಸಿ ‘ಸಮೂಹ ಶಾಲೆ’ಗಳನ್ನು ರೂಪಿಸುವ ಬಗ್ಗೆ ಪ್ರಸ್ತಾವಗಳನ್ನು ಕೇಳಿತು. ನಾಲ್ಕಾರು ಮಕ್ಕಳಿರುವ ಶಾಲೆಯಲ್ಲಿ ಮಗುವಿಗೆ ಜೊತೆಗಾರರು ಸಿಗುವುದಿಲ್ಲ, ಆಟ, ಗ್ರಂಥಾಲಯ, ವಿಜ್ಞಾನದ ಉಪಕರಣಗಳಂಥ ಸೌಲಭ್ಯ ಸಿಗುವುದಿಲ್ಲ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಎಲ್ಲ ಸಣ್ಣ ಶಾಲೆಗಳ ಸ್ಥಿತಿಯೂ ಒಂದೇ ಅಲ್ಲ. ಮರಾಠಿ ಮಾಧ್ಯಮದ ಸಣ್ಣ ಶಾಲೆಯೊಂದು ಪಕ್ಕದೂರಿನ ಶಾಲೆಯಲ್ಲಿ ವಿಲೀನವಾದರೆ ಮಗುವಿಗೆ ನಡೆಯುವ ದಾರಿ ಹೆಚ್ಚುತ್ತದೆ. ಕನ್ನಡ ಮಾಧ್ಯಮದ ಸಣ್ಣ ಶಾಲೆ ಹಾಗೆ ವಿಲೀನವಾದರೆ, ಹತ್ತಿರದ ದೊಡ್ಡ ಶಾಲೆ ಮರಾಠಿಯದೇ ಆಗಿದ್ದಲ್ಲಿ, ದೂರದ ಜೊತೆಗೆ ಕಲಿಕೆಯ ಭಾಷೆಯೂ ಬದಲಾಗುತ್ತದೆ. ಒಮ್ಮೆ ಹೀಗೆ ಮುಚ್ಚಿದ ಕನ್ನಡ ಶಾಲೆ ಮತ್ತೆ ತೆರೆಯುವುದು ಕಷ್ಟ.

ಈ ಭಾಗದ ಇತಿಹಾಸ ಬಲ್ಲವರಿಗೆ ಇದರ ಭಾರ ಗೊತ್ತು. ಅಕ್ಕಲಕೋಟ, ಜತ್ತ ಎರಡೂ ಹಿಂದೆ ಸಂಸ್ಥಾನಗಳು. ಅವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯದ ಭಾಗವಾದವು. 1962ರ ಮೇ 1ರಂದು ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದು, ಹಳ್ಳಿಯ ಪ್ರಾಥಮಿಕ ಶಿಕ್ಷಣ ಅವುಗಳ ಹೊಣೆಯಾಯಿತು. ರಾಜ್ಯ ಬದಲಾದರೂ ಕನ್ನಡ ಶಾಲೆಗಳು ಉಳಿದವು. ಪುಣೆಯ ಬಾಲಭಾರತಿ ಇಂದಿಗೂ ಕನ್ನಡದಲ್ಲಿ ಪಠ್ಯಪುಸ್ತಕ ಮುದ್ರಿಸುತ್ತದೆ. ಹೀಗೆ ಉಳಿದು ಬಂದದ್ದನ್ನು ಕಾಯುವ ಹೊಣೆಯ ಒಂದು ಭಾಗವನ್ನು ಕಾನೂನು ಇಂದು ಪಾಲಕರಿಗೆ ಒಪ್ಪಿಸಿದೆ.

ಸಮಿತಿಗೆ ಕಾನೂನು ಕೊಟ್ಟ ಅಧಿಕಾರ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮು ಪ್ರತಿ ಸರಕಾರಿ ಮತ್ತು ಅನುದಾನಿತ ಶಾಲೆಗೂ ವ್ಯವಸ್ಥಾಪನ ಸಮಿತಿ ಇರಬೇಕೆನ್ನುತ್ತದೆ. ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಮಕ್ಕಳ ತಂದೆ ತಾಯಿ ಅಥವಾ ಪೋಷಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು.

ಸಮಿತಿಯ ಕೆಲಸಗಳನ್ನೂ ಕಾಯ್ದೆ ಸ್ಪಷ್ಟವಾಗಿ ಹೇಳಿದೆ: ಶಾಲೆಯ ಕಾರ್ಯನಿರ್ವಹಣೆಯ ಮೇಲೆ ನಿಗಾ ಇಡುವುದು, ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಿ ಶಿಫಾರಸು ಮಾಡುವುದು, ಸರಕಾರದಿಂದಾಗಲಿ ಬೇರೆ ಯಾವುದೇ ಮೂಲದಿಂದಾಗಲಿ ಬಂದ ಅನುದಾನದ ಬಳಕೆಯನ್ನು ಗಮನಿಸುವುದು. 22ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ. ಸರಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ರೂಪಿಸುವ ಯೋಜನೆಗೂ ನೀಡುವ ಅನುದಾನಕ್ಕೂ ಈ ಶಾಲಾ ಅಭಿವೃದ್ಧಿ ಯೋಜನೆಯೇ ಆಧಾರವಾಗಬೇಕು. ಅಂದರೆ ಸೋರುವ ಮಾಳಿಗೆಯಾಗಲಿ, ಖಾಲಿ ಇರುವ ಕನ್ನಡ ಶಿಕ್ಷಕರ ಹುದ್ದೆಯಾಗಲಿ ಆ ಯೋಜನೆಯಲ್ಲಿ ಬರೆದಿರದಿದ್ದರೆ, ನಂತರ ಪಂಚಾಯತ್ ಸಮಿತಿಯ ಮುಂದೆ ನಿಂತು ಕೇಳುವಾಗ ಕೈಯಲ್ಲಿ ದಾಖಲೆ ಇರುವುದಿಲ್ಲ.

ಶಿಕ್ಷಕರ ಸಂಖ್ಯೆಯ ವಿಷಯದಲ್ಲೂ ಕಾಯ್ದೆಯ ಅನುಸೂಚಿ ಕನಿಷ್ಠ ಮಿತಿಯನ್ನು ನಿಗದಿ ಮಾಡಿದೆ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. ಯಾವುದೇ ಶಾಲೆಯಲ್ಲಿ ಖಾಲಿ ಹುದ್ದೆಗಳು ಮಂಜೂರಾದವುಗಳ ಶೇ. 10ನ್ನು ಮೀರಬಾರದೆಂದು 26ನೆಯ ಕಲಮು ಹೇಳುತ್ತದೆ. ಬೋಧನೆಯ ಮಾಧ್ಯಮವು ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕು ಎಂಬುದು 29ನೆಯ ಕಲಮಿನ ಮಾತು.

ಇದರ ಹಿಂದೆ ಸಂವಿಧಾನದ ಬಲವೂ ಇದೆ. 1956ರ ಏಳನೆಯ ತಿದ್ದುಪಡಿಯ ಮೂಲಕ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ, ಪ್ರತಿ ಸ್ಥಳೀಯ ಪ್ರಾಧಿಕಾರವೂ ಯತ್ನಿಸಬೇಕೆನ್ನುತ್ತದೆ. ಅದಕ್ಕೂ ಮುಂಚೆ, 1949ರ ಆಗಸ್ಟ್‌ನಲ್ಲಿ ನಡೆದ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ಅಳತೆಯನ್ನು ಒಪ್ಪಿಕೊಂಡಿತ್ತು: ಒಂದು ಭಾಷೆಯ ಮಕ್ಕಳು ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಂದಿ ಇದ್ದರೆ, ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸಬೇಕು. ಇದು ಶಾಸನವಲ್ಲ, ಸರಕಾರಗಳು ಒಪ್ಪಿದ ನೀತಿ. ಆದರೂ ಮನವಿಪತ್ರದಲ್ಲಿ ಇದನ್ನು ನಮೂದಿಸಿದರೆ ಅದಕ್ಕೊಂದು ತೂಕ ಬರುತ್ತದೆ.

ಮೂರು ಮಕ್ಕಳು, ಹದಿನೈದು ಸಾವಿರ ರೂಪಾಯಿ

ಶಾಲೆಯ ಬಹುಪಾಲು ಖರ್ಚು ಶಿಕ್ಷಕರ ಸಂಬಳ. ಅದು ಸಮಿತಿಯ ಕೈಗೆ ಬರುವುದಿಲ್ಲ. ಸಮಿತಿಯ ಕಣ್ಣೆದುರು ಖರ್ಚಾಗುವುದು ಸಣ್ಣ ಮೊತ್ತ. ಅದರಲ್ಲಿ ಮುಖ್ಯವಾದದ್ದು 2018-19ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯ ಸಂಯುಕ್ತ ಶಾಲಾ ಅನುದಾನ. ಪರಿಷ್ಕೃತ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000 ರೂಪಾಯಿ. ಇದರಲ್ಲಿ ಕನಿಷ್ಠ ಹತ್ತನೆಯ ಒಂದು ಭಾಗವನ್ನು ಸ್ವಚ್ಛತೆಗೆ ಬಳಸಬೇಕು. ಗ್ರಂಥಾಲಯಕ್ಕೂ ಆಟದ ಸಾಮಾನಿಗೂ ಬೇರೆ ಅನುದಾನವಿದೆ.

ಈ ಅಂಕಿಗಳನ್ನು ಕನ್ನಡ ಶಾಲೆಯ ಸ್ಥಿತಿಗೆ ಹೊಂದಿಸಿ ನೋಡಬೇಕು. 28 ಮಕ್ಕಳಿರುವ ಶಾಲೆಗೂ 31 ಮಕ್ಕಳಿರುವ ಶಾಲೆಗೂ ನಡುವಿನ ಅಂತರ ಮೂರೇ ಮಕ್ಕಳು. ಅನುದಾನದಲ್ಲಿ ಅದು 15,000 ರೂಪಾಯಿ. ಒಂದು ಓಣಿಯ ಮೂರು ಮನೆಯವರು ಮಕ್ಕಳನ್ನು ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿಸಿದರೆ ಉಳಿದ ಮಕ್ಕಳ ಸೀಮೆಸುಣ್ಣ, ವಿದ್ಯುತ್ ಬಿಲ್ಲು, ಶೌಚಾಲಯದ ದುರಸ್ತಿ ಎಲ್ಲಕ್ಕೂ ಕತ್ತರಿ ಬೀಳುತ್ತದೆ. ಸೌಲಭ್ಯ ಕಡಿಮೆಯಾದಷ್ಟೂ ಇನ್ನೆರಡು ಮನೆಯವರು ಬೇರೆ ಶಾಲೆಯತ್ತ ನೋಡುತ್ತಾರೆ. ಪಟಸಂಖ್ಯೆ ಕುಸಿದಂತೆ ವರ್ಷದ ಸಂಚಮಾನ್ಯತೆಯಲ್ಲಿ ಶಿಕ್ಷಕರ ಹುದ್ದೆಯೂ ಅಲುಗಾಡುತ್ತದೆ.

ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳ ಮಕ್ಕಳದು ಇನ್ನೊಂದು ಕಥೆ. ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ, ಮಗು ಗದ್ದೆಯ ಬದುವಿನಲ್ಲಿರುತ್ತದೆ. ವಲಸೆ ಕುಟುಂಬಗಳ ಮಕ್ಕಳಿಗೆ ಶಾಲೆಯ ಪ್ರವೇಶ ದೊರಕಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು 9ನೆಯ ಕಲಮು ಹೇಳುತ್ತದೆ. ತಂದೆ ತಾಯಿ ಊರು ಬಿಟ್ಟರೂ ಮಗು ಊರಲ್ಲೇ ಉಳಿದು ಕಲಿಯುವಂತೆ ಹಂಗಾಮಿ ವಸತಿಗೃಹ ನಡೆಸುವ ವ್ಯವಸ್ಥೆಯೂ ಮಹಾರಾಷ್ಟ್ರದಲ್ಲಿದೆ. ಅಂಥ ಮಕ್ಕಳ ಪಟ್ಟಿಯನ್ನು ಗುಳೆ ಆರಂಭವಾಗುವ ಮೊದಲೇ ಠರಾವಿನೊಂದಿಗೆ ಗಟ ಶಿಕ್ಷಣಾಧಿಕಾರಿಗೆ ಕಳಿಸುವುದು ಸಮಿತಿ ಮಾಡಬಹುದಾದ ಕೆಲಸ.

ಸರಾಸರಿಯಲ್ಲಿ ಕಾಣದ ಮಗು

ಶಾಲೆ ಉಳಿದರಷ್ಟೇ ಸಾಲದು, ಅಲ್ಲಿ ಕಲಿಕೆ ನಡೆಯಬೇಕು. ‘ಅಸರ್’ ಎಂದೇ ಹೆಸರಾದ ಗ್ರಾಮೀಣ ಸಮೀಕ್ಷೆಯ 2024ರ ವರದಿಯಂತೆ, ದೇಶದ ಸರಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇ. 23.4, ಐದನೆಯ ತರಗತಿಯಲ್ಲಿ ಶೇ. 44.8. ಐದು ವರ್ಷ ಶಾಲೆಗೆ ಹೋದ ಮೇಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೆಯ ತರಗತಿಯ ಪುಟ ಓದಲಾಗುವುದಿಲ್ಲ.

ಇವು ದೇಶದ ಅಂಕಿಗಳು. ಇಂಥ ಸಮೀಕ್ಷೆಗಳು ಜಿಲ್ಲೆಯ ಅಥವಾ ರಾಜ್ಯದ ಸರಾಸರಿಯನ್ನು ಹೇಳುತ್ತವೆ; ಆ ಸರಾಸರಿಯೊಳಗೆ ಒಂದು ಊರಿನ ಕನ್ನಡ ಶಾಲೆಯ ಇಪ್ಪತ್ತೈದು ಮಕ್ಕಳು ಕಾಣಿಸುವುದಿಲ್ಲ. ಕನ್ನಡ ಬಾರದ ಶಿಕ್ಷಕರು ಕನ್ನಡ ತರಗತಿಗೆ ಬಂದರೆ ಆಗುವ ನಷ್ಟವೂ ಅಲ್ಲಿ ಕಾಣುವುದಿಲ್ಲ. ಇದೇ ಕಾರಣಕ್ಕೆ ಕಾಸರಗೋಡಿನ ಪಾಲಕರೂ ವಿದ್ಯಾರ್ಥಿಗಳೂ ಕನ್ನಡ ತರಗತಿಗೆ ಮಲಯಾಳಂ ಶಿಕ್ಷಕರ ನೇಮಕವನ್ನು ವಿರೋಧಿಸಿ ಹಲವು ಬಾರಿ ಪ್ರತಿಭಟಿಸಿದ್ದಾರೆ.

ಆದ್ದರಿಂದ ಅಳತೆ ಊರಿನಲ್ಲೇ ಆಗಬೇಕು. ಅದಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. ಎರಡನೆಯ ತರಗತಿಯ ಬಾಲಭಾರತಿ ಪುಸ್ತಕದಿಂದ ಮಗು ಈವರೆಗೆ ಓದದ ಒಂದು ಪುಟವನ್ನು ತೆಗೆದು, ಮೂರು, ನಾಲ್ಕು, ಐದನೆಯ ತರಗತಿಯ ಪ್ರತಿ ಮಗುವಿನಿಂದಲೂ ಓದಿಸಿದರೆ ಸಾಕು. ಎಷ್ಟು ಮಕ್ಕಳು ತಡವರಿಸದೆ ಓದಿದರು, ಎಷ್ಟು ಮಕ್ಕಳು ಅಕ್ಷರದಲ್ಲೇ ನಿಂತರು ಎಂಬ ಎರಡು ಸಂಖ್ಯೆಗಳು ನಡಾವಳಿಯಲ್ಲಿ ಬರಲಿ. ಆರು ತಿಂಗಳ ನಂತರ ಮತ್ತೆ ಓದಿಸಿ ಹೋಲಿಸಬಹುದು. ಇದು ಶಿಕ್ಷಕರ ತಪ್ಪು ಹುಡುಕುವ ಪರೀಕ್ಷೆಯಾಗಬಾರದು. ಒಬ್ಬರೇ ಶಿಕ್ಷಕರು ನಾಲ್ಕು ತರಗತಿಗಳನ್ನು ನಡೆಸುವ ಕಡೆ, ಎರಡನೆಯ ಹುದ್ದೆ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಇರಲಾರದು.

ಎರಡು ತೀರ್ಪುಗಳು

2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಸಂವಿಧಾನ ಪೀಠವು ನೀಡಿದ ಎರಡು ತೀರ್ಪುಗಳು ಗಡಿನಾಡ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿವೆ. ಕರ್ನಾಟಕ ಸರಕಾರದ ಭಾಷಾ ನೀತಿಯ ಪ್ರಕರಣದಲ್ಲಿ, ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದು, ಮಾತೃಭಾಷೆಯನ್ನು ಸರಕಾರ ಹೇರಲಾಗದು ಎಂದು ಪೀಠ ಹೇಳಿತು. ಎಂದಮೇಲೆ ಕನ್ನಡ ಶಾಲೆಗೆ ಮಕ್ಕಳನ್ನು ಕಾನೂನು ತಂದುಕೊಡುವುದಿಲ್ಲ. ಒಳ್ಳೆಯ ಶಾಲೆಯೆಂಬ ನಂಬಿಕೆಯೇ ಅವರನ್ನು ಕರೆತರಬೇಕು.

ಅದೇ ದಿನದ ಪ್ರಮತಿ ಪ್ರಕರಣದಲ್ಲಿ, ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳಿಗೆ, ಅವು ಅನುದಾನಿತವಾಗಿರಲಿ ಇಲ್ಲದಿರಲಿ, ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂಬ ನಿರ್ಣಯ ಬಂದಿತು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವೊಂದು ಈ ನಿರ್ಣಯದ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯ ಹೆಚ್ಚಿನ ಪೀಠದ ಮುಂದೆ ಹೋಗಬೇಕೆಂದು ಹೇಳಿದೆ. ಹೀಗಾಗಿ ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಪಡೆದ ಕನ್ನಡ ಸಂಸ್ಥೆಗಳ ಶಾಲೆಗಳಲ್ಲಿ ಪಾಲಕರು 21ನೆಯ ಕಲಮಿನ ಬಲವನ್ನು ನೆಚ್ಚುವಂತಿಲ್ಲ. ಅಲ್ಲಿ ಲೆಕ್ಕವನ್ನು ತೆರೆದಿಡುವುದು ಆಡಳಿತ ಮಂಡಳಿಯ ಸದ್ಬುದ್ಧಿಗೆ ಬಿಟ್ಟ ವಿಷಯವಾಗಿ ಉಳಿಯುತ್ತದೆ. ಕನ್ನಡದ ಹೆಸರಿನಲ್ಲಿ ಮಾನ್ಯತೆ ಪಡೆದ ಸಂಸ್ಥೆ ಕನ್ನಡ ಪಾಲಕರಿಗೆ ಲೆಕ್ಕ ತೋರಿಸಲು ಹಿಂಜರಿಯಬಾರದು ಎಂದು ಕೇಳುವ ನೈತಿಕ ಹಕ್ಕಾದರೂ ಊರವರಿಗೆ ಇದೆ.

ಕೇಳುವ ಕ್ರಮ

ಜಿಲ್ಲಾ ಪರಿಷತ್ ಶಾಲೆಯ ಪಾಲಕರಿಗೆ ದಾರಿ ಇನ್ನೂ ನೇರವಾಗಿದೆ. ಮೊದಲನೆಯದು, ಸಭೆಯ ನಡಾವಳಿಯನ್ನು ಮರಾಠಿಯಲ್ಲಿ ಬರೆದರೂ ಸಹಿಗೆ ಮುನ್ನ ಕನ್ನಡದಲ್ಲಿ ಓದಿ ಹೇಳಬೇಕೆಂಬ ಠರಾವು. ಎರಡನೆಯದು, ವರ್ಷದ ಅನುದಾನವೆಷ್ಟು, ಖರ್ಚೆಷ್ಟು ಎಂಬುದನ್ನು ಶಾಲೆಯ ಫಲಕದ ಮೇಲೆ ಬರೆಯಿಸುವುದು. ಮೂರನೆಯದು, ಕೇಂದ್ರದ ಯುಡೈಸ್ ದಾಖಲೆಯಲ್ಲಿ ತಮ್ಮ ಶಾಲೆಯ ಮಾಧ್ಯಮ, ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ ಸರಿಯಾಗಿ ನಮೂದಾಗಿವೆಯೇ ಎಂದು ನೋಡುವುದು. ಪ್ರತಿ ಶಾಲೆಗೂ ಅಲ್ಲಿ 11 ಅಂಕಿಗಳ ಸಂಕೇತವಿದೆ. ಕನ್ನಡ ಮಾಧ್ಯಮದ ಮಕ್ಕಳು ದಾಖಲೆಯಲ್ಲಿ ಮರಾಠಿ ಮಾಧ್ಯಮದವರಾಗಿ ಸೇರಿಹೋದರೆ ಕನ್ನಡ ಶಿಕ್ಷಕರ ಬೇಡಿಕೆಗೆ ಆಧಾರವೇ ಉಳಿಯುವುದಿಲ್ಲ.

ಉತ್ತರ ಸಿಗದಿದ್ದರೆ 32ನೆಯ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅದನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಕಾಗದಗಳ ಪ್ರತಿ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು. ಆದರೆ ದೂರು, ಅರ್ಜಿಗಳು ಕೊನೆಯ ಹೆಜ್ಜೆಗಳಾಗಲಿ. ಊರಿನಲ್ಲಿ ಉಳಿದಿರುವ ಒಬ್ಬರೋ ಇಬ್ಬರೋ ಕನ್ನಡ ಶಿಕ್ಷಕರನ್ನು ಎದುರಾಳಿಗಳನ್ನಾಗಿ ಮಾಡಿಕೊಂಡರೆ ಶಾಲೆಗೇ ನಷ್ಟ. ಎಷ್ಟೋ ಸಲ ಮುಖ್ಯಾಧ್ಯಾಪಕರಿಗೂ ತಮ್ಮ ಬೇಡಿಕೆಯನ್ನು ಮೇಲಕ್ಕೆ ಕಳಿಸಲು ಸಮಿತಿಯ ಒಂದು ಗಟ್ಟಿ ಠರಾವು ಬೇಕಾಗಿರುತ್ತದೆ.

ಕೇಂದ್ರದ ಮಾದರಿ ನಿಯಮಗಳು ಮೂರು ವರ್ಷಗಳ ಶಾಲಾ ಅಭಿವೃದ್ಧಿ ಯೋಜನೆಯನ್ನು ಆರ್ಥಿಕ ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮುಂಚೆ ಸಿದ್ಧಪಡಿಸಬೇಕೆನ್ನುತ್ತವೆ. ಅಂದರೆ ಡಿಸೆಂಬರ್ ತಿಂಗಳ ಸಭೆ ವರ್ಷದ ಅತಿ ಮುಖ್ಯ ಸಭೆ. ಸುಗ್ಗಿಯ ದಿನಗಳಲ್ಲಿ ಬರುವ ಸಭೆಯದು. ಹಗಲು ಯಾರಿಗೂ ಬಿಡುವಿರುವುದಿಲ್ಲ. ಹಾಗಿದ್ದರೆ ಸಂಜೆ ಏಳಕ್ಕೆ ಕೂಡಲಿ, ಶಾಲೆಯ ಕಟ್ಟೆಯ ಮೇಲೇ ಕೂಡಲಿ. ಮನೆಗೆ ಬರುತ್ತಿದ್ದ ಆ ದಪ್ಪ ಪುಸ್ತಕ ಅಂದು ಅಲ್ಲಿಯೇ ತೆರೆದಿರಲಿ. ಐದನೆಯ ತರಗತಿಯ ಹುಡುಗಿಯೊಬ್ಬಳು ಅದರ ಪುಟವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದ ಮೇಲೆ ತಾಯಂದಿರು ಸಹಿ ಹಾಕಲಿ.