ಕಲಿಯುವ ಕೈಗೆ ಕೊಟ್ಟ ಗೌರವ: ಫೆಂಡರ್ ಮಸ್ಟಾಂಗ್ ಗಿಟಾರಿನ ಪರಿಚಯ

ವಿದ್ಯಾರ್ಥಿಗಳಿಗಾಗಿ ಮಾಡಿದ ವಸ್ತು ಎಂದೊಡನೆ ಅದು ಅಗ್ಗದ್ದು, ಅಲ್ಪಾಯುವಾದುದು, ವಿದ್ಯೆ ಕೈಗೂಡಿದ ಮೇಲೆ ಅಟ್ಟಕ್ಕೆ ಸೇರತಕ್ಕದ್ದು ಎಂಬ ಭಾವನೆ ಲೋಕದಲ್ಲಿ ಬೇರೂರಿದೆ. ಸಂಗೀತವಾದ್ಯಗಳ ವಿಷಯದಲ್ಲಂತೂ ಅದು ಇನ್ನಷ್ಟು ದೃಢವಾದುದು; ಕಲಿಯುವವನಿಗೆ ಸಾಧಾರಣವಾದ ವಾದ್ಯ, ಕಲಿತವನಿಗೆ ಉತ್ತಮವಾದ ವಾದ್ಯ ಎಂಬ ವಿಭಾಗವನ್ನು ಪ್ರಶ್ನಿಸುವವರು ವಿರಳ. ಹಾಗಿದ್ದೂ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫುಲರ್ಟನ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ, ಎಳೆಯರ ಪುಟ್ಟ ಹಸ್ತವನ್ನೂ ಅವರ ತಾಯಿತಂದೆಯರ ಮಿತವಾದ ಆದಾಯವನ್ನೂ ಗಮನದಲ್ಲಿಟ್ಟುಕೊಂಡು ನಿರ್ಮಿತವಾದ ವಿದ್ಯುತ್ ಗಿಟಾರೊಂದು, ಮೂವತ್ತು ವರ್ಷಗಳು ತುಂಬುವುದರೊಳಗೆ ಪ್ರೌಢವಾದಕರ ಕೈಗೇರಿ, ಅವರ ವಿಶೇಷ ಪ್ರೀತಿಗೆ ಪಾತ್ರವಾಯಿತು. ಫೆಂಡರ್ ಮಸ್ಟಾಂಗ್ ಎಂಬುದು ಅದರ ಹೆಸರು. ಅದು ಹೇಗೆ ಹುಟ್ಟಿತು, ಅದರ ರಚನೆಯ ವಿಶೇಷವೇನು, ಬಲ್ಲವರು ಅದರಲ್ಲಿ ಕಂಡ ಗುಣವಾವುದು ಎಂಬುದನ್ನು ಇಲ್ಲಿ ನೋಡೋಣ.

ಈ ವಾದ್ಯದ ಜನಕನಾದ ಲಿಯೊ ಫೆಂಡರ್ (1909–1991) ಸಂಗೀತಗಾರನಲ್ಲ. ಗಿಟಾರು ನುಡಿಸಲು ಅವನಿಗೆ ಬರುತ್ತಿರಲಿಲ್ಲ. 1938ರಲ್ಲಿ ಫುಲರ್ಟನ್‌ನಲ್ಲಿ ರೇಡಿಯೊ ದುರಸ್ತಿಯ ಅಂಗಡಿ ತೆರೆದು, ತನ್ನಲ್ಲಿಗೆ ಬರುತ್ತಿದ್ದ ವಾದಕರ ಆಂಪ್ಲಿಫಯರುಗಳನ್ನು ಸರಿಪಡಿಸುತ್ತ, ಅವರ ಕಷ್ಟಗಳನ್ನು ತಾಳ್ಮೆಯಿಂದ ಕೇಳುತ್ತ, ಕೇಳಿದ್ದಕ್ಕೆ ಉಪಾಯವನ್ನು ಯೋಚಿಸುತ್ತ ಬೆಳೆದ ಕುಶಲಕರ್ಮಿ ಅವನು. 1950ರ ದಶಕದ ಮೊದಲ ಭಾಗದಲ್ಲಿ ಟೆಲಿಕ್ಯಾಸ್ಟರ್ ಮತ್ತು ಸ್ಟ್ರಾಟೊಕ್ಯಾಸ್ಟರ್ ಎಂಬ ಎರಡು ಗಿಟಾರುಗಳಿಂದ ಅವನ ಸಂಸ್ಥೆಗೆ ಕೀರ್ತಿ ಬಂದಿತು. ಟೊಳ್ಳಾದ ಒಡಲಿಲ್ಲದ ಘನಮರದ ದೇಹ, ಅದಕ್ಕೆ ನಾಲ್ಕು ತಿರುಪುಗಳಿಂದ ಬಿಗಿದ ಮೇಪಲ್ ಮರದ ದಂಡಿ, ತಂತಿಯ ಕಂಪನವನ್ನು ವಿದ್ಯುತ್ತಾಗಿ ಪರಿವರ್ತಿಸುವ ಪಿಕಪ್ ಎಂಬ ಅಯಸ್ಕಾಂತದ ಸುರುಳಿ, ಇವು ಅವನ ವಾದ್ಯಗಳ ಮೂಲಸೂತ್ರ. ಆ ಸೂತ್ರವನ್ನು ಕಲಿಯುವವರ ಅಳತೆಗೆ ಇಳಿಸಿ, ಮ್ಯೂಸಿಕ್‌ಮಾಸ್ಟರ್ ಮತ್ತು ಡ್ಯುಯೊಸಾನಿಕ್ ಎಂಬ ಎರಡು ಚಿಕ್ಕ ಗಿಟಾರುಗಳನ್ನು 1956ರಲ್ಲಿ ಅವನು ಹೊರತಂದನು. ಮೊದಲನೆಯದಕ್ಕೆ ಒಂದು ಪಿಕಪ್, ಎರಡನೆಯದಕ್ಕೆ ಎರಡು. ಉಳಿದಂತೆ ಅವು ಅವಳಿಗಳು. ತನ್ನ ಹೆಸರು ಜಗತ್ತಿಗೆ ತಿಳಿಯುವ ಮುನ್ನ, ಇತರ ಗಾಯಕರ ಹಿಂದೆ ನಿಂತು ನುಡಿಸುತ್ತಿದ್ದ ಕಷ್ಟದ ದಿನಗಳಲ್ಲಿ, ಜಿಮಿ ಹೆಂಡ್ರಿಕ್ಸ್ ಹಿಡಿದಿದ್ದದ್ದು ಇಂಥ ಒಂದು ಡ್ಯುಯೊಸಾನಿಕ್ ಗಿಟಾರನ್ನು.

1964ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡದವರು ಅಮೆರಿಕದ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡರು. ಸುಮಾರು ಏಳು ಕೋಟಿ ಜನ ಅಂದು ಅವರನ್ನು ನೋಡಿದರೆಂದು ಲೆಕ್ಕ. ಮನೆಮನೆಯಲ್ಲಿಯೂ ಹುಡುಗರು ಗಿಟಾರಿಗಾಗಿ ಹಟ ಹಿಡಿದ ಆ ವರ್ಷದ ಆಗಸ್ಟಿನಲ್ಲಿಯೇ ಮಸ್ಟಾಂಗ್ ಮಾರುಕಟ್ಟೆಗೆ ಬಂದಿತು. ಡ್ಯುಯೊಸಾನಿಕ್‌ನ ಎರಡು ಪಿಕಪ್‌ಗಳಿಗೆ ಸ್ವರವನ್ನು ಅಲುಗಿಸುವ ವೈಬ್ರಾಟೊ ಎಂಬ ಸಾಧನವನ್ನು ಸೇರಿಸಿ, ದೇಹವನ್ನು ತುಸು ಹಿಗ್ಗಿಸಿ, ಸೊಂಟದ ಎರಡು ಬಾಗುಗಳನ್ನು ಒಂದಕ್ಕೊಂದು ನೇರವಾಗಿರದಂತೆ ಓರೆಯಾಗಿಸಿ ರೂಪಿಸಿದ ಈ ವಾದ್ಯ ಕೆಂಪು, ಬಿಳಿ, ನೀಲಿ ಎಂಬ ಮೂರು ಬಣ್ಣಗಳಲ್ಲಿ ದೊರೆಯುತ್ತಿತ್ತು. ಕೆಂಪು ಮತ್ತು ನೀಲಿ ಗಿಟಾರುಗಳ ಮುಖದ ಮೇಲೆ ಮುತ್ತಿನ ಹೊಳಪಿನ ಬಿಳಿಯ ಫಲಕ, ಬಿಳಿಯದರ ಮೇಲೆ ಆಮೆಚಿಪ್ಪಿನಂಥ ಕೆಂಗಂದು ಫಲಕ. 1960ರ ದಶಕದ ಕೊನೆಯ ವೇಳೆಗೆ, ಪಂದ್ಯದ ಮೋಟಾರುಗಳಿಗೆ ಬಳಿಯುವ ಬಗೆಯ ಓರೆಪಟ್ಟೆಗಳನ್ನು ಧರಿಸಿದ ಕಾಂಪಿಟಿಷನ್ ಎಂಬ ಪ್ರಭೇದವೂ ಹುಟ್ಟಿಕೊಂಡಿತು.

ಇನ್ನು ಈ ವಾದ್ಯದ ಹೃದಯವೆನ್ನಬಹುದಾದ ಅಳತೆಯ ವಿಚಾರ. ದಂಡಿಯ ತುದಿಯಲ್ಲಿ ತಂತಿಗಳು ಹಾಯುವ ನಟ್ ಎಂಬ ಪಟ್ಟಿಯಿಂದ ದೇಹದ ಮೇಲಿನ ಬ್ರಿಡ್ಜ್‌ವರೆಗೆ, ಅಂದರೆ ನಮ್ಮ ವೈಣಿಕರು ಕುದುರೆ ಎನ್ನುವ ಭಾಗದವರೆಗೆ, ತಂತಿಯು ಕಂಪಿಸುವ ಉದ್ದವನ್ನು ಗಿಟಾರಿನವರು ಸ್ಕೇಲ್ ಎಂದು ಕರೆಯುತ್ತಾರೆ. ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಈ ಉದ್ದ 25.5 ಅಂಗುಲ. ಮಸ್ಟಾಂಗ್‌ನಲ್ಲಿ 24 ಅಂಗುಲ. ಇನ್ನೂ ಚಿಕ್ಕದು ಬೇಕೆಂದವರಿಗೆ, 1956ರ ಗಿಟಾರುಗಳಲ್ಲಿದ್ದ 22.5 ಅಂಗುಲದ ದಂಡಿಯನ್ನೂ ಒದಗಿಸುತ್ತಿದ್ದರು. ಒಂದೂವರೆ ಅಂಗುಲ, ಮೂರು ಅಂಗುಲ ಎಂದರೆ ಎಷ್ಟರ ವ್ಯತ್ಯಾಸವೆಂದು ತೋರಬಹುದು. ಆದರೆ ನುಡಿಸುವ ಕೈಗೆ ಅದರ ಫಲ ಎರಡು ಬಗೆಯಲ್ಲಿ ತಟ್ಟುತ್ತದೆ.

ಮೊದಲನೆಯದು ಬೆರಳಿನ ಚಾಚು. ಮೊದಲನೆಯ ಫ್ರೆಟ್ಟಿನಿಂದ, ಅಂದರೆ ದಂಡಿಯ ಮೇಲಿನ ಮೊದಲ ಮೆಟ್ಟಿಲಿನಿಂದ, ನಾಲ್ಕನೆಯ ಫ್ರೆಟ್ಟಿಗೆ ಇರುವ ದೂರ 25.5 ಅಂಗುಲದ ಗಿಟಾರಿನಲ್ಲಿ ಸುಮಾರು 97 ಮಿಲಿಮೀಟರು, 24 ಅಂಗುಲದ್ದರಲ್ಲಿ 91.5, 22.5 ಅಂಗುಲದ್ದರಲ್ಲಿ ಹೆಚ್ಚುಕಡಿಮೆ 86. ತೋರುಬೆರಳನ್ನು ಒಂದರ ಮೇಲೂ ಕಿರುಬೆರಳನ್ನು ನಾಲ್ಕರ ಮೇಲೂ ಊರಲು ಹೆಣಗುವ ಹತ್ತು ವರ್ಷದ ಮಗುವಿಗೆ, ಐದರಿಂದ ಹನ್ನೊಂದು ಮಿಲಿಮೀಟರುಗಳ ಈ ರಿಯಾಯಿತಿ ಪಾಠವನ್ನು ಮುಂದುವರಿಸುವುದಕ್ಕೂ ಬಿಟ್ಟುಬಿಡುವುದಕ್ಕೂ ನಡುವಣ ಅಂತರವಾಗಬಹುದು. ಎರಡನೆಯದು ತಂತಿಯ ಬಿಗಿತ. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಏರಿಸಿದಾಗ ಅದಕ್ಕೆ ಬೇಕಾಗುವ ಸೆಳೆತ ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಅದರಂತೆ ಗುಣಿಸಿ ನೋಡಿದರೆ, ಪೂರ್ಣ ಅಳತೆಯ ಗಿಟಾರಿಗಿಂತ ಮಸ್ಟಾಂಗ್‌ನ ತಂತಿ ಶೇಕಡ 11ರಷ್ಟು ಸಡಿಲ, 22.5 ಅಂಗುಲದ್ದಾದರೆ ಶೇಕಡ 22ರಷ್ಟು ಸಡಿಲ. ಎಳೆಯ ಬೆರಳಿನ ತುದಿ ಕಡಮೆ ನೋಯುತ್ತದೆ ಎಂಬುದು ಇದರ ಪ್ರಥಮ ಲಾಭ.

ಆದರೆ ಮಕ್ಕಳಿಗಾಗಿ ಯೋಜಿಸಿದ ಈ ಸೌಲಭ್ಯವೇ ಪ್ರೌಢರ ಪಾಲಿಗೆ ಒಂದು ನೂತನ ಗುಣವಾಗಿ ಪರಿಣಮಿಸಿತೆಂಬುದು ಇಲ್ಲಿಯ ಸ್ವಾರಸ್ಯ. ವೀಣೆಯ ತಂತಿಯನ್ನು ಮೆಟ್ಟಿಲಿನ ಮೇಲೆ ಅಡ್ಡಲಾಗಿ ಎಳೆದು ಗಮಕವನ್ನು ತರುವ ಕ್ರಮ ಕನ್ನಡಿಗರಿಗೆ ಪರಿಚಿತವಾದುದೇ. ವಿದ್ಯುತ್ ಗಿಟಾರಿನ ವಾದಕರೂ ಹಾಗೆಯೇ ತಂತಿಯನ್ನು ಒತ್ತಿ ಸರಿಸಿ ಸ್ವರವನ್ನು ಏರಿಸುತ್ತಾರೆ. ಸಡಿಲವಾದ ತಂತಿ ಈ ಕಾರ್ಯದಲ್ಲಿ ಬೆರಳಿಗೆ ಸುಲಭವಾಗಿ ಮಣಿಯುತ್ತದೆ. ಪೂರ್ಣ ಅಳತೆಯ ತಂತಿಯ ಉಕ್ಕಿನಂಥ ಖಡಾಖಂಡಿತವಾದ ನಾದಕ್ಕೆ ಬದಲಾಗಿ, ತುಸು ಮೆತ್ತಗಿನ, ಮೀಟಿದೊಡನೆ ಚಿಮ್ಮಿ ಬೇಗನೆ ಅಡಗುವ ದನಿಯೊಂದು ಇದರಲ್ಲಿ ಹೊರಡುತ್ತದೆ. ಬಲವಾಗಿ ಮೀಟಿದರೆ ಶ್ರುತಿ ಕ್ಷಣಕಾಲ ಮೇಲಕ್ಕೆ ಜಿಗಿದು ಮತ್ತೆ ಸ್ವಸ್ಥಾನಕ್ಕೆ ಬರುವುದುಂಟು. ಶಿಷ್ಟ ಸಂಗೀತದವರಿಗೆ ಇದು ದೋಷವೆಂದು ಕಂಡೀತು. ಆವೇಶವೇ ಪ್ರಧಾನವಾದ ಸಂಗೀತವನ್ನು ನುಡಿಸುವವರು ಇದನ್ನು ಜೀವಂತಿಕೆಯೆಂದು ಬಗೆದರು.

ಮಸ್ಟಾಂಗ್‌ನ ಮುಖವನ್ನು ಸಮೀಪದಿಂದ ನೋಡಿದರೆ ಇನ್ನೆರಡು ವಿಶೇಷಗಳು ಕಣ್ಣಿಗೆ ಬೀಳುತ್ತವೆ. ಪ್ರತಿಯೊಂದು ಪಿಕಪ್ಪಿಗೂ ಮೇಲ್ಗಡೆ ಒಂದೊಂದು ಸರಿಸುವ ಸ್ವಿಚ್ಚಿದೆ. ಅದಕ್ಕೆ ಮೂರು ನೆಲೆಗಳು. ನಡುವೆ ನಿಲ್ಲಿಸಿದರೆ ಆ ಪಿಕಪ್ ಮೌನ, ಒಂದು ಬದಿಗೆ ತಳ್ಳಿದರೆ ನುಡಿಯುತ್ತದೆ, ಇನ್ನೊಂದು ಬದಿಗೆ ತಳ್ಳಿದರೂ ನುಡಿಯುತ್ತದೆ. ಆದರೆ ವಿದ್ಯುತ್ತಿನ ದಿಕ್ಕು ತಿರುವುಮುರುವಾಗಿರುತ್ತದೆ. ಒಂಟಿಯಾಗಿ ಕೇಳುವಾಗ ಈ ವ್ಯತ್ಯಾಸ ಕಿವಿಗೆ ತಿಳಿಯದು. ಎರಡು ಪಿಕಪ್‌ಗಳನ್ನೂ ಒಟ್ಟಿಗೆ ತೆರೆದು ಒಂದನ್ನು ಮಾತ್ರ ತಿರುವುಮಾಡಿದಾಗ, ಎರಡರ ನಾದದಲ್ಲಿಯೂ ಸಮಾನವಾಗಿರುವ ಅಂಶಗಳು ಪರಸ್ಪರ ಅಳಿಸಿಹೋಗಿ, ಮಂದ್ರದ ಭಾರವೆಲ್ಲ ಕರಗಿ, ಮೂಗಿನಿಂದ ಹೊರಟಂಥ ಕೃಶವಾದ, ವಿಲಕ್ಷಣವಾದ ದನಿ ಉಳಿಯುತ್ತದೆ. ಅಗ್ಗದ ಎರಡು ಸ್ವಿಚ್ಚುಗಳಿಂದ ದೊರೆತ ಈ ದನಿಯನ್ನು ಆ ಕಾಲದ ಟೆಲಿಕ್ಯಾಸ್ಟರೂ ಸ್ಟ್ರಾಟೊಕ್ಯಾಸ್ಟರೂ ಇದ್ದ ಹಾಗೆಯೇ ಕೊಡಲಾರದಾಗಿದ್ದವು.

ಎರಡನೆಯ ವಿಶೇಷ ಲಿಯೊ ಫೆಂಡರ್ ಈ ವಾದ್ಯಕ್ಕೆಂದೇ ಕಲ್ಪಿಸಿದ ವೈಬ್ರಾಟೊ. ತಂತಿಗಳ ತುದಿಗಳು ಒಂದು ಲೋಹದ ಕೊಳವೆಗೆ ಕಟ್ಟಿಕೊಂಡಿರುತ್ತವೆ. ಆ ಕೊಳವೆ ಎರಡು ಕಂಬಗಳ ಆಸರೆಯಲ್ಲಿ ತೂಗುತ್ತದೆ. ಅಡಿಯಲ್ಲಿ ಅವಿತಿರುವ ಎರಡು ಸ್ಪ್ರಿಂಗುಗಳು ತಂತಿಗಳ ಸೆಳೆತಕ್ಕೆ ಪ್ರತಿಯಾಗಿ ಎಳೆಯುತ್ತವೆ. ಕೊಳವೆಗೆ ಸೇರಿದ ಕೈಹಿಡಿಯನ್ನು ಒತ್ತಿದರೆ ಶ್ರುತಿ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ಬ್ರಿಡ್ಜು ಸಹ ಗಟ್ಟಿಯಾಗಿ ನೆಟ್ಟದ್ದಲ್ಲ. ತಂತಿಗಳ ಚಲನೆಯೊಡನೆ ತಾನೂ ಹಿಂದುಮುಂದು ತೊನೆಯುವಂತೆ ಅದನ್ನು ನಿಲ್ಲಿಸಿದ್ದಾರೆ. ತಂತಿ ಸಡಿಲವಾಗಿರುವುದರಿಂದ ಬೆರಳಿನ ಅಲ್ಪ ಸ್ಪರ್ಶಕ್ಕೂ ಈ ಯಂತ್ರ ಓಗೊಡುತ್ತದೆ. ಅದೇ ಕಾರಣದಿಂದ ಶ್ರುತಿ ಕೆಡುವುದೂ ಸುಲಭವೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಅನುಭವಿಗಳು ತುಸು ದಪ್ಪನಾದ ತಂತಿಗಳನ್ನು ಕಟ್ಟಿ, ಬ್ರಿಡ್ಜಿನ ಕಾಲುಗಳಿಗೆ ಟೇಪು ಸುತ್ತಿ ಅದರ ಓಲಾಟವನ್ನು ತಡೆದು, ವಾದ್ಯವನ್ನು ಹದಕ್ಕೆ ತಂದುಕೊಳ್ಳುತ್ತಾರೆ. ಇಂಥ ಆರೈಕೆಯ ಮೂಲಕವೇ ವಾದಕನಿಗೂ ವಾದ್ಯಕ್ಕೂ ಆತ್ಮೀಯತೆ ಬೆಳೆಯುತ್ತದೆ.

1965ರ ಜನವರಿಯಲ್ಲಿ ಲಿಯೊ ಫೆಂಡರ್ ತನ್ನ ಸಂಸ್ಥೆಯನ್ನು ಸಿಬಿಎಸ್ ಎಂಬ ದೊಡ್ಡ ಕಂಪೆನಿಗೆ 130 ಲಕ್ಷ ಡಾಲರುಗಳಿಗೆ ಮಾರಿದನು. ಮಸ್ಟಾಂಗ್‌ನ ತಯಾರಿಕೆ ಮುಂದೆಯೂ ನಡೆದು, 1982ರಲ್ಲಿ ನಿಂತುಹೋಯಿತು. ವಿದ್ಯಾರ್ಥಿಗಳ ಗಿಟಾರೆಂಬ ಹಣೆಪಟ್ಟಿಯಿಂದಾಗಿ ಹಳೆಯ ಮಸ್ಟಾಂಗುಗಳಿಗೆ ಆ ದಿನಗಳಲ್ಲಿ ಹೆಚ್ಚಿನ ಬೆಲೆಯಿರಲಿಲ್ಲ. ಗಿರವಿ ಅಂಗಡಿಗಳಲ್ಲಿ ಅವು ಸಾಲಾಗಿ ತೂಗುತ್ತಿದ್ದವು. ಹಳೆಯ ಸ್ಟ್ರಾಟೊಕ್ಯಾಸ್ಟರಿಗೆ ಹಣ ತೆರಲಾರದ ಬಡ ಯುವಕರು ಅವನ್ನು ಕೊಂಡು ತಮ್ಮ ನೆಲಮಾಳಿಗೆಗಳಲ್ಲಿ ನುಡಿಸತೊಡಗಿದರು. ವಾದ್ಯದ ಎರಡನೆಯ ಜನ್ಮ ಆರಂಭವಾದದ್ದು ಹೀಗೆ.

ಆ ಜನ್ಮದ ಪ್ರಧಾನ ಪುರುಷ ನಿರ್ವಾಣ ಎಂಬ ರಾಕ್ ಸಂಗೀತತಂಡದ ಕರ್ಟ್ ಕೊಬೇನ್. ಎಡಗೈಯವನಾದ ಅವನು 1969ರ ನೀಲಿಯ ಕಾಂಪಿಟಿಷನ್ ಮಸ್ಟಾಂಗ್ ಒಂದನ್ನು ಹಿಡಿದು, 1991ರಲ್ಲಿ ತಂಡದ ಅತ್ಯಂತ ಪ್ರಸಿದ್ಧ ಗೀತೆಯ ಚಿತ್ರಿಕೆಯಲ್ಲಿ ಕಾಣಿಸಿಕೊಂಡಾಗ, ಜಗತ್ತಿನ ಯುವಜನರ ದೃಷ್ಟಿ ಆ ಓರೆಪಟ್ಟೆಗಳ ಮೇಲೆ ನೆಟ್ಟಿತು. ಗಿಟಾರುಗಳಲ್ಲಿ ಮಸ್ಟಾಂಗೇ ತನಗೆ ಅಚ್ಚುಮೆಚ್ಚೆಂದು ಅವನು ಸಂದರ್ಶನದಲ್ಲಿ ಹೇಳಿದ್ದುಂಟು. ಮಸ್ಟಾಂಗನ್ನೂ ಫೆಂಡರರ ಇನ್ನೊಂದು ಗಿಟಾರಾದ ಜಾಗ್ವಾರನ್ನೂ ಬೆಸೆದು ಜ್ಯಾಗ್‌ಸ್ಟಾಂಗ್ ಎಂಬ ವಾದ್ಯದ ವಿನ್ಯಾಸವನ್ನೂ ಕೊಟ್ಟನು. ಆ ನೀಲಿಯ ಗಿಟಾರು 2022ರ ಮೇ ತಿಂಗಳಲ್ಲಿ ಹರಾಜಾದಾಗ ಅದಕ್ಕೆ ಬಂದ ಬೆಲೆ 45 ಲಕ್ಷ ಡಾಲರುಗಳನ್ನು ಮೀರಿತು. ಜಪಾನಿನಲ್ಲಿ ಮಸ್ಟಾಂಗಿಗೆ ಬೇರೊಂದು ಪರಂಪರೆಯೇ ಉಂಟು. ಚಾರ್ ಎಂಬ ಹೆಸರಿನಿಂದ ವಿಖ್ಯಾತನಾದ ವಾದಕ 1970ರ ದಶಕದಲ್ಲಿಯೇ ಮಸ್ಟಾಂಗನ್ನು ಆ ನಾಡಿನಲ್ಲಿ ಜನಪ್ರಿಯಗೊಳಿಸಿದ್ದನು. ನಿಂತುಹೋಗಿದ್ದ ತಯಾರಿಕೆ 1990ರಲ್ಲಿ ಪುನರಾರಂಭವಾದದ್ದೂ ಜಪಾನಿನಲ್ಲಿಯೇ.

ಹಳೆಯ ಮಸ್ಟಾಂಗ್ ಒಂದು ಕೈಗೆ ಸಿಕ್ಕಿದವರು ಅದರ ವಯಸ್ಸನ್ನು ತಿಳಿಯಲು ಉಪಾಯವಿದೆ. ತಂತಿಗಳನ್ನು ಇಳಿಸಿ, ಹಿಂಬದಿಯ ನಾಲ್ಕು ತಿರುಪುಗಳನ್ನು ಬಿಚ್ಚಿ ದಂಡಿಯನ್ನು ಮೆಲ್ಲನೆ ಹೊರತೆಗೆದರೆ, ಅದರ ಬುಡದಲ್ಲಿ ತಿಂಗಳನ್ನೂ ವರ್ಷವನ್ನೂ ಒತ್ತಿದ ಮುದ್ರೆ ಸಾಮಾನ್ಯವಾಗಿ ಕಾಣುತ್ತದೆ. ಕೊನೆಯ ಅಕ್ಷರ ದಂಡಿಯ ಅಗಲವನ್ನು ಸೂಚಿಸುವುದು. ದನಿಯನ್ನು ಹೆಚ್ಚುಕಡಮೆ ಮಾಡುವ ಗುಬ್ಬಿಯ ಕೆಳಗಿನ ಪೊಟೆನ್ಷಿಯೊಮೀಟರಿನ ಬೆನ್ನಿನ ಮೇಲೆಯೂ ಅಂಕಿಗಳಿರುತ್ತವೆ. 1376633 ಎಂದಿದ್ದರೆ, ಮೊದಲ ಮೂರು ಅಂಕಿಗಳು ಆ ಭಾಗವನ್ನು ತಯಾರಿಸಿದ ಸಿಟಿಎಸ್ ಕಂಪೆನಿಯ ಗುರುತು. ಮಿಕ್ಕವು 1966ರ ಮೂವತ್ತಮೂರನೆಯ ವಾರವೆಂದು ತಿಳಿಸುತ್ತವೆ. ದಂಡಿ ಬಾಗಿದೆಯೇ, ಫ್ರೆಟ್ಟುಗಳು ಸವೆದಿವೆಯೇ, ವೈಬ್ರಾಟೊದ ಕೈಹಿಡಿ ಜೊತೆಯಲ್ಲಿದೆಯೇ, ಮೈಬಣ್ಣ ಮೂಲದ್ದೇ ಎಂಬುದನ್ನು ಪರಾಂಬರಿಸಿದ ಮೇಲೆಯೇ ಬೆಲೆಯ ಮಾತನ್ನೆತ್ತುವುದು ಲೇಸು.

ಈ ಬಿಚ್ಚಿದ ದಂಡಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ, ವಾದ್ಯದ ಹಿರಿಮೆಯ ಗುಟ್ಟೂ ಗೋಚರವಾಗುವುದು. ದುಬಾರಿ ಗಿಟಾರುಗಳಿಗೆ ಬಳಸಿದ ಮೇಪಲ್ ಮರವೇ ಇದಕ್ಕೂ. ಅವನ್ನು ಕಡೆದ ಕಾರ್ಖಾನೆಯೇ ಇದನ್ನೂ ಕಡೆದದ್ದು. ಜೋಡಣೆಯ ಕ್ರಮವೂ ಅದೇ. ಅಲಂಕಾರವನ್ನು ಮಿತಗೊಳಿಸಿ, ಭಾಗಗಳನ್ನು ಸರಳಗೊಳಿಸಿ ಬೆಲೆಯನ್ನು ಇಳಿಸಿದರೇ ಹೊರತು, ಕಲಿಯುವವನಿಗೆ ಇಷ್ಟು ಸಾಕೆಂಬ ಉದಾಸೀನದಿಂದ ಇಳಿಸಲಿಲ್ಲ. ಅರುವತ್ತು ವರ್ಷಗಳ ಹಿಂದಿನ ಮಸ್ಟಾಂಗುಗಳು ಇಂದಿಗೂ ನುಡಿಯುತ್ತಿರುವುದಕ್ಕೆ ಇದೇ ಕಾರಣ. ಕೊಬೇನ್‌ನ ಖ್ಯಾತಿ ಅದಕ್ಕೆ ಬೆಲೆಯನ್ನು ತಂದಿರಬಹುದು. ಬೆಲೆಗೆ ಯೋಗ್ಯವಾದ ಗುಣ ಹುಟ್ಟಿನಿಂದಲೇ ಅದರಲ್ಲಿತ್ತು.

ಮಕ್ಕಳಿಗೆ ಗಿಟಾರು ಕಲಿಸಬೇಕೆಂದಿರುವ ತಾಯಿತಂದೆಯರು ಈ ಕಥೆಯಿಂದ ಗ್ರಹಿಸಬೇಕಾದುದು ಒಂದೇ ಮಾತು. ಹೇಗೂ ಕಲಿಯುವ ಹುಡುಗನಲ್ಲವೇ ಎಂದು ತಂತಿ ಎತ್ತರದಲ್ಲಿ ನಿಂತ, ಶ್ರುತಿ ನಿಲ್ಲದ, ಕೈಗೆ ಮೀರಿದ ವಾದ್ಯವನ್ನು ತಂದುಕೊಡಬೇಡಿ. ಅದು ಮೊದಲ ತಿಂಗಳಲ್ಲಿಯೇ ಉತ್ಸಾಹವನ್ನು ಕೊಲ್ಲುತ್ತದೆ. ಹಳೆಯ ಮಸ್ಟಾಂಗ್ ಎಲ್ಲರಿಗೂ ಎಟುಕುವ ವಸ್ತುವಲ್ಲ. ಆದರೆ 24 ಅಂಗುಲದ ಅಳತೆಯಲ್ಲಿ ಅದೇ ಆಕಾರದ ಗಿಟಾರುಗಳನ್ನು ಫೆಂಡರ್ ಸಂಸ್ಥೆ ಸ್ಕ್ವಾಯರ್ ಎಂಬ ಹೆಸರಿನಲ್ಲಿ ಕಡಮೆ ಬೆಲೆಗೆ ಹೊರತಂದಿದೆ. ಇತರರ ಶಾರ್ಟ್ ಸ್ಕೇಲ್ ಗಿಟಾರುಗಳೂ ಉಂಟು. ಅಂಗಡಿಗೆ ಮಗುವನ್ನೇ ಕರೆದೊಯ್ದು, ಮೊದಲ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ ಅದರ ಬೆರಳು ನೋವಿಲ್ಲದೆ ಚಾಚುವುದೇ ಎಂದು ನೋಡಿ ಕೊಳ್ಳಿರಿ.