ಬಿ.ಎ. ಪಾಠಕ್ಕೂ ವರವು ಕಾವಲಿಗೂ ಏನು ನಂಟು?

ಪುಸ್ತಕ ಹಿಡಿದು ಬಸ್ಸು ಹತ್ತಿದ ಹುಡುಗನನ್ನು "ಏನ್ ಓದ್ತಾ ಇದೀಯಪ್ಪಾ?" ಅಂತ ಕೇಳಿ ನೋಡಿ. "ಬಿ.ಎಸ್ಸಿ." ಅನ್ನುವವನ ದನಿ ಜೋರು. "ಬಿ.ಎ." ಅನ್ನುವವನ ದನಿ ಮೆತ್ತಗೆ. ಕೇಳಿದವರ ಮುಂದಿನ ಪ್ರಶ್ನೆ ಅವನಿಗೆ ಮೊದಲೇ ಗೊತ್ತು: "ಅದನ್ನೋದಿ ಏನ್ ಬಂದಂಗಾಯ್ತು?"

ಚಳ್ಳಕೆರೆಯಲ್ಲಿ, ಮೊಳಕಾಲ್ಮೂರಿನಲ್ಲಿ ಸರ್ಕಾರಿ ಪದವಿ ಕಾಲೇಜುಗಳಿವೆ. ಎರಡೂ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದವು. ಕುರಿ ಕಾಯುವ, ಶೇಂಗಾ ಬಿತ್ತುವ, ಮಗ್ಗ ನೇಯುವ ಮನೆಗಳ ಮಕ್ಕಳು ಪದವಿ ಅಂತ ಕಾಣುವುದು ಇಂಥ ಕಾಲೇಜುಗಳಲ್ಲೇ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಕನ್ನಡ. ಜೊತೆಗೆ ಸಂವಿಧಾನ, ಪರಿಸರ ಅಧ್ಯಯನದ ಕಡ್ಡಾಯ ಪತ್ರಿಕೆಗಳು. ಇವೆಲ್ಲ ಪಾಸು ಮಾಡಿ ಮರೆಯುವ ವಿಷಯಗಳೋ, ಬದುಕಿಗೆ ಬೇಕಾದವೋ? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ವರವು ಕಾವಲಿನ ಬೇಲಿ ತನಕ ಹೋದರೆ ಸಾಕು.

ಹುಲ್ಲಿನ ಮೇಲೆ ರನ್‌ವೇ

ವರವು ಕಾವಲ್ ಅಂದರೆ ಈಗ ವಿಮಾನದ ಮಾತು. ಡಿ.ಆರ್.ಡಿ.ಓ. ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರ 2017ರ ಮೇ 28ರಂದು ಉದ್ಘಾಟನೆಯಾಯಿತು. ಜಾಗ ನಾಲ್ಕು ಸಾವಿರ ಎಕರೆಗೂ ಮೇಲೆ. ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆ ಇಲ್ಲಿಯ ಕೆಲಸ. 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ ಇಸ್ರೋದವರು ತಮ್ಮ ಮರುಬಳಕೆಯ ವಾಹನವನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿ.ಮೀ. ಮೇಲಕ್ಕೊಯ್ದು ಬಿಟ್ಟರು. ಅದು ತಾನೇ ದಾರಿ ಹಿಡಿದು ಬಂದು ಇಲ್ಲಿಯ ರನ್‌ವೇ ಮೇಲೆ ಇಳಿಯಿತು. ಊರಿಗೆ ಹೆಮ್ಮೆಯೇ ಸರಿ.

ಆದರೆ ಇದು ವಿಜ್ಞಾನದ ಕಥೆ ಮಾತ್ರವೇ? ಅಲ್ಲ.

ಈ ನೆಲಕ್ಕೆ "ಕಾವಲ್" ಅನ್ನುವ ಹೆಸರು ಬಂದದ್ದು ಅಮೃತಮಹಲ್ ದನಗಳಿಂದ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಈ ತಳಿಯ ಎತ್ತುಗಳು ಸೈನ್ಯದ ಫಿರಂಗಿ ಎಳೆದವು. ಅವುಗಳ ಮೇವಿಗೆಂದು ಕಾದಿಟ್ಟ ಹುಲ್ಲುಗಾವಲೇ ಕಾವಲು. ಇದನ್ನು ಹೇಳುವುದು ಇತಿಹಾಸ.

ಆ ಹುಲ್ಲಿನ ಮೇಲೆ ಸುತ್ತಲ ಹಳ್ಳಿಗಳ ಕುರಿ ಮೇಯುತ್ತಿದ್ದವು. ಕುರಿ ಇದ್ದರೆ ಉಣ್ಣೆ, ಉಣ್ಣೆ ಇದ್ದರೆ ಚಳ್ಳಕೆರೆ ಕಂಬಳಿ, ಕಂಬಳಿ ಇದ್ದರೆ ಸಂತೆ. ಬೇಲಿ ಬಿದ್ದ ಮೇಲೆ ಮೇವಿನ ಲೆಕ್ಕ ಹೇಗೆ ಬದಲಾಯಿತು? ಹೊಸ ಸಂಸ್ಥೆಗಳಿಂದ ಪೇಟೆಗೆ ಬಂದದ್ದೆಷ್ಟು, ಹಟ್ಟಿಯಿಂದ ಹೋದದ್ದೆಷ್ಟು? ಎರಡೂ ಕಡೆ ಕೂಡಿ ಕಳೆದು ನೋಡುವುದು ಅರ್ಥಶಾಸ್ತ್ರ.

ಕಾವಲುಗಳ ಭೂಮಿ ಹಂಚಿಕೆಯ ತಕರಾರು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮೆಟ್ಟಿಲೇರಿತು. 2014ರಲ್ಲಿ ತೀರ್ಪು ಬಂತು. ಯೋಜನೆಗಳು ನಿಲ್ಲಲಿಲ್ಲ. ಯಾರು ಸರಿ, ಯಾರು ತಪ್ಪು ಅನ್ನುವುದು ಬೇರೆ ಮಾತು. ಆದರೆ ಅರ್ಜಿ ಎಲ್ಲಿ ಹಾಕಬೇಕು, ಯಾವ ಕಾನೂನಿನ ಕೆಳಗೆ, ಪಹಣಿ ಏನು ಹೇಳುತ್ತೆ, ಆದೇಶದ ಕೊನೇ ಪುಟದಲ್ಲಿ ಏನಿದೆ ಎಂಬುದನ್ನು ಓದಿ ಹೇಳಲು ಹಳ್ಳಿಯಲ್ಲೊಬ್ಬ ಬೇಕೇ ಬೇಕು. ಅದು ಸಂವಿಧಾನದ ಪಾಠ. ಹುಲ್ಲುಗಾವಲು ಪಾಳು ಜಮೀನಲ್ಲ, ಕೃಷ್ಣಮೃಗಕ್ಕೂ ನೆಲದ ಮೇಲೆ ಗೂಡಿಡುವ ಹಕ್ಕಿಗೂ ಅದೇ ಮನೆ ಅನ್ನುವುದು ಪರಿಸರದ ಪಾಠ. ಪರಿಸರ ಶಿಕ್ಷಣ ಕಡ್ಡಾಯವಾಗಲಿ ಎಂದು 1991ರಲ್ಲಿ ಹೇಳಿದ್ದು ಸುಪ್ರೀಂ ಕೋರ್ಟು. ಯಾರೋ ಮೇಷ್ಟರ ಹುಚ್ಚಲ್ಲ.

ವಿಜ್ಞಾನದವರೇ ಓದ್ತಾರೆ

ಇಲ್ಲೊಂದು ಸ್ವಾರಸ್ಯವಿದೆ. ಇದೇ ತಾಲ್ಲೂಕಿನ ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಜಾಗವಿದೆ. ಆ ಸಂಸ್ಥೆ ಬೆಂಗಳೂರಿನಲ್ಲಿ 2011ರಲ್ಲಿ ಪದವಿ ತರಗತಿ ಶುರು ಮಾಡಿದಾಗ, ಭೌತಶಾಸ್ತ್ರ, ಗಣಿತ ಓದಲು ಬಂದ ಹುಡುಗರಿಗೂ ಮಾನವಿಕ ವಿಷಯಗಳನ್ನು ಕಡ್ಡಾಯ ಮಾಡಿತು. ದೇಶದ ದೊಡ್ಡ ವಿಜ್ಞಾನ ಸಂಸ್ಥೆಗೆ ಬೇಕಾದ ಪಾಠ ಚಳ್ಳಕೆರೆ ಹುಡುಗನಿಗೆ ಬೇಡವಾಗುತ್ತದೆಯೇ?

ಪಠ್ಯಕ್ರಮ ಮಾತ್ರ ನಿಂತಲ್ಲಿ ನಿಂತಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಪದವಿ ಅಂದರು. ಬೇರೆ ವಿಭಾಗದ ವಿಷಯವನ್ನೂ ಆರಿಸಿಕೊಳ್ಳಬಹುದು ಅಂದರು. ಸಣ್ಣ ಕಾಲೇಜಿನಲ್ಲಿ ಆಯ್ಕೆ ಅಂದರೇನು? ಯಾವ ಮೇಷ್ಟರಿದ್ದಾರೋ ಅದೇ ಆಯ್ಕೆ! 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷ, ಮೂರು ಮುಖ್ಯ ವಿಷಯಕ್ಕೆ ವಾಪಸು ತಂದಿತು. ಮೂರೇ ವರ್ಷದಲ್ಲಿ ಎರಡು ಸಲ ಪಲ್ಟಿ. ಇದರ ಮೇಲೆ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ಬಹುಪಾಲು ಭಾರ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅವರು ಮುಷ್ಕರ ಹೂಡಿದರೆ ತರಗತಿ ಬಂದ್. ಹುಡುಗರು ಗೈಡು ನಂಬುತ್ತಾರೆ. ಗೈಡಿನಲ್ಲಿ ಫ್ರಾನ್ಸಿನ ಕ್ರಾಂತಿ ಇರುತ್ತೆ, ವರವು ಕಾವಲು ಇರಲ್ಲ.

ಪುಸ್ತಕ ಬಾಗಿಲಲ್ಲೇ ಇದೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ತಂದೆ ತಾಯಿಯ ಮಾತು ಕೇಳಿ, ನಿಜ ನುಡಿಯಿರಿ, ಶಿಷ್ಯರು ಗುರುವನ್ನು ಗೌರವಿಸಲಿ ಎಂಬುದು ಅದರ ತಾತ್ಪರ್ಯ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರನ ಹೆಸರಿದೆ. "ಲಿಪಿಕಾರ" ಅನ್ನುವ ಪದವನ್ನು ಅವನು ವಾಯವ್ಯ ಗಡಿಯ ಕಡೆಯ ಖರೋಷ್ಠಿ ಅಕ್ಷರದಲ್ಲಿ ಕೆತ್ತಿದ್ದಾನೆ. ಅಷ್ಟು ದೂರದ ಲಿಪಿ ಈ ಬಂಡೆಗೆ ಹೇಗೆ ಬಂತು? ಒಂದು ಸೆಮಿಸ್ಟರ್ ಪೂರ್ತಿ ಮಾತಾಡುವಷ್ಟು ಸರಕು ಅಲ್ಲಿದೆ.

ಕನ್ನಡಕ್ಕೂ ಬಡತನವಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕ, ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರು ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಕುವೆಂಪು ತಮ್ಮ ರಾಮಾಯಣವನ್ನು ಅರ್ಪಿಸಿದ್ದು ಅವರಿಗೇ. ಅಕ್ಷರ ಕಲಿಯದೆ ಸಾವಿರಾರು ಹಾಡು ಹೊತ್ತಿದ್ದ ಸಿರಿಯಜ್ಜಿ ಇದೇ ತಾಲ್ಲೂಕಿನ ಗೊಲ್ಲರಹಟ್ಟಿಯವರು.

ಬಿ.ಎ. ಆದವರಿಗೆಲ್ಲ ಕೆಲಸ ಸಿಗುತ್ತೆ ಅಂತ ಯಾರೂ ಬರೆದುಕೊಡಲಾರರು. ಆದರೆ ಪಂಚಾಯ್ತಿಯಲ್ಲಿ ನಡಾವಳಿ ಓದಬಲ್ಲವ, ಬ್ಯಾಂಕಿನ ಕಾಗದದ ಸಣ್ಣಕ್ಷರ ಬಿಡಿಸಬಲ್ಲವ, ಅಂಗಡಿಗೆ ಬಂದ ತೆರಿಗೆ ನೋಟೀಸಿಗೆ ನೆಟ್ಟಗೆ ಉತ್ತರ ಬರೆಯಬಲ್ಲವ ಯಾವ ಊರಿಗೂ ಹೊರೆಯಲ್ಲ. ಸರ್ಕಾರ ಮೇಷ್ಟರನ್ನು ಕೊಡಲಿ. ಕಾಲೇಜು ವರ್ಷಕ್ಕೊಂದು ದಿನ ಹುಡುಗರನ್ನು ಬ್ರಹ್ಮಗಿರಿಗೂ, ಕುರಿ ಸಂತೆಗೂ ಕರೆದೊಯ್ಯಲಿ. ತಂದೆ ತಾಯಿ "ಎಷ್ಟು ಮಾರ್ಕ್ಸ್?" ಅಂತ ಕೇಳುವ ಬಾಯಲ್ಲೇ "ಇವತ್ತು ಏನ್ ಕಲಿತೆ?" ಅಂತಲೂ ಕೇಳಲಿ.

ನಾಳೆ ಇನ್ನೊಂದು ಕಾವಲಿಗೆ ಬೇಲಿ ಬೀಳುವ ಮಾತು ಬಂದರೆ, ನಕ್ಷೆ ಬಿಡಿಸಿ "ಸ್ವಾಮಿ, ಇಲ್ಲೊಂದು ದನದ ದಾರಿ ಐತಲ್ಲ" ಅನ್ನಲು ಊರಿನವನೇ ಒಬ್ಬ ಇರಬೇಕು.